ಅಂಗೈಯ ಮೇಲೆ ಅಲ್ಲಾಡಿದ ಚುಕ್ಕಿ

ನನಗೆ ಎಂಟೋ ಒಂಬತ್ತೋ ವರ್ಷವಾಗಿದ್ದಾಗ ಲಿಂಗದೀಕ್ಷೆಯಾಯಿತು. ಐವತ್ತರ ದಶಕ. ರಾಜಾಜಿನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಹೊಲ. ದಾವಣಗೆರೆ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದಿದ್ದ ಅಪ್ಪ, ಹೊಸ ಮನೆಯ ಸಿಮೆಂಟಿನ ವಾಸನೆ ಹೋಗುವ ಮೊದಲೇ ಒಂದು ಮೂಲೆಯಲ್ಲಿ ಪೂಜೆಗೆ ಜಾಗ ಮಾಡಿ ನನ್ನನ್ನು ಕೂರಿಸಿದರು. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಎದೆಯ ಮಟ್ಟಕ್ಕೆ ಹಿಡಿಯಬೇಕು. ಪಕ್ಕದಲ್ಲಿರುವ ದೀಪದ ಬೆಳಕು ಲಿಂಗದ ಕಪ್ಪು ಮೈಮೇಲೆ ಒಂದು ಚುಕ್ಕಿಯಾಗಿ ಬೀಳುತ್ತದೆ. ರೆಪ್ಪೆ ಬಡಿಯದೆ ಆ ಚುಕ್ಕಿಯನ್ನೇ ನೋಡಬೇಕು. ಕೂತ ಮೇಲೆ ಮಾತು ಪೂರ್ತಿ ಬಂದ್.

"ಚುಕ್ಕಿ ಅಳ್ಳಾಡ್ತು ಅಂದ್ರೆ ನಿನ್ನ ಮನಸ್ಸು ಅಳ್ಳಾಡ್ತು ಅಂತ ತಿಳ್ಕೋ" ಎಂದು ಅಪ್ಪ ಹೇಳಿಕೊಟ್ಟರು. ನನ್ನ ಚುಕ್ಕಿ ಅಲ್ಲಾಡದ ದಿನವೇ ಇರಲಿಲ್ಲ. ಹೊರಗೆ ಕುಂಟೆಬಿಲ್ಲೆ ಆಡುವವರ ಗಲಾಟೆ ಕಿವಿಗೆ ಬೀಳುತ್ತಿದ್ದರೆ ಇನ್ನೇನಾಗುತ್ತದೆ?

ಮದುವೆಯಾಗಿ ವಿಜಯನಗರಕ್ಕೆ ಬಂದೆ. ಹೈಸ್ಕೂಲಿನಲ್ಲಿ ಮಕ್ಕಳ ತಲೆಗೆ ಗಣಿತ ತುಂಬುವ ಕೆಲಸ ಮಾಡಿ ನಿವೃತ್ತಳಾದೆ. ಪೂಜೆ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಯಜಮಾನರೂ ನಾನೂ ಅಕ್ಕಪಕ್ಕ ಮಣೆ ಹಾಕಿಕೊಂಡು ಕೂರುತ್ತೇವೆ. ಅವರು ಕಲ್ಲಿನಂತೆ ಕೂರುವವರು. ನನಗೆ ಅದನ್ನು ಕಂಡು ಸ್ವಲ್ಪ ಹೊಟ್ಟೆಯುರಿ ಎಂದರೂ ತಪ್ಪಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಹೃದಯ ನಿಧಾನವಾಗತೊಡಗಿತು. ತರಕಾರಿ ಕೊಳ್ಳುತ್ತಾ ನಿಂತವಳು ಮಾರುಕಟ್ಟೆಯಲ್ಲೇ ಕಣ್ಣು ಕತ್ತಲಾಗಿ ಕುಸಿದ ಮೇಲೆ ಡಾಕ್ಟರು ಎಡಭುಜದ ಕೆಳಗೆ, ಚರ್ಮದಡಿ ಪೇಸ್‌ಮೇಕರ್ ಕೂರಿಸಿದರು. ಆಪರೇಷನ್ನಿಗೆ ಒಯ್ಯುವಾಗ ನರ್ಸು, "ಆಂಟಿ, ಚೈನು ಗೀನು ಎಲ್ಲಾ ಬಿಚ್ಕೊಡಿ" ಎಂದಳು. ಇದು ಚೈನಲ್ಲ, ಕೊರಳಲ್ಲಿರುವ ಲಿಂಗ, ದೀಕ್ಷೆಯಾದಾಗಿನಿಂದ ಮೈಬಿಟ್ಟು ಹೋಗಿಲ್ಲ ಎಂದು ನಾನು ಹಟ ಹಿಡಿದೆ. ಕೊನೆಗೆ ಡಾಕ್ಟರೇ ಬಂದು, ಲಿಂಗವಿಡುವ ಬೆಳ್ಳಿ ಕರಡಿಗೆ ಬೇಡ, ಲಿಂಗವನ್ನು ಮಾತ್ರ ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಬಲಗೈಲಿ ಹಿಡ್ಕೊಂಡಿರಿ ಎಂದು ರಾಜಿ ಮಾಡಿದರು. ಗಾಯ ಮಾಗಿದ ಮೇಲೆ ಆ ಉಬ್ಬಿಗೆ ಉಜ್ಜದಂತೆ ಕರಡಿಗೆಯ ದಾರವನ್ನು ಸ್ವಲ್ಪ ಬಲಕ್ಕೆ ಸರಿಸಿಕೊಂಡೆ, ಅಷ್ಟೇ ವ್ಯತ್ಯಾಸ. ತಲೆಸುತ್ತು ಹೋಯಿತು. ಜೊತೆಗೆ ಇನ್ನೊಂದು ಲಾಭವೂ ಆಯಿತು. ಚುಕ್ಕಿ ನಿಂತಿತು. ಅಪ್ಪ ಕಲಿಸಿದರೂ ಬಾರದ ಏಕಾಗ್ರತೆ ಬ್ಯಾಟರಿಯಿಂದ ಬಂತು ಎಂದು ನಾನೇ ತಮಾಷೆ ಮಾಡುತ್ತಿದ್ದೆ, ಒಳಗೊಳಗೇ ಬೀಗುತ್ತಲೂ ಇದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಚುಕ್ಕಿ ಮತ್ತೆ ಅಲ್ಲಾಡಿತು. ಪಟಪಟ ಅದುರುತ್ತಿತ್ತು, ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಅದುರುತ್ತಿತ್ತು. ಯಾವ ಲೆಕ್ಕಕ್ಕೂ ಸಿಗದ ಅದುರಾಟ. ಮರುದಿನವೂ ಹಾಗೇ. ನನಗೆ ಹೆದರಿಕೆಯಾಯಿತು.

ಹೆದರಿದ್ದು ಹೃದಯಕ್ಕಲ್ಲ. ಹೃದಯಕ್ಕೆ ಮಷೀನು ಹಾಕಿಸಿಯಾಗಿದೆಯಲ್ಲ, ಅಲ್ಲಿಗೆ ಆ ಕಥೆ ಮುಗಿಯಿತು ಎಂದುಕೊಂಡಿದ್ದೆ. ಕೆಂಗೇರಿಯಲ್ಲಿರುವ ನನ್ನ ಅಕ್ಕನಿಗೆ ಮರೆವಿನ ರೋಗ. ಅವಳಿಗೆ ಈಗ ತನ್ನ ಮಗನ ಗುರುತೇ ಹತ್ತುವುದಿಲ್ಲ, ನಾನು ಹೋದರೆ "ನೀವು ಯಾರ ಮನೆಯವ್ರಮ್ಮಾ?" ಎಂದು ಮರ್ಯಾದೆಯಿಂದ ಕೇಳುತ್ತಾಳೆ. ಅವಳಿಗೂ ಶುರುವಾದದ್ದು ಹೀಗೆಯೇ, ಪೂಜೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ ಎಂಬ ದೂರಿನಿಂದ. ಚುಕ್ಕಿ ಅಲ್ಲಾಡಿದರೆ ಮನಸ್ಸು ಅಲ್ಲಾಡಿದೆ ಎಂದೇ ತಿಳಿದು ಬೆಳೆದವಳು ನಾನು. ನನ್ನ ಸರದಿಯೂ ಬಂತು, ನಾನೂ ನನ್ನವರನ್ನೆಲ್ಲ ಮರೆಯುತ್ತೇನೆ ಎಂದು ತೀರ್ಮಾನಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯ.

ನಾನು ಕಂಡುಕೊಂಡ ಔಷಧಿಯೆಂದರೆ ಇನ್ನಷ್ಟು ಪೂಜೆ. ಅರ್ಧ ಗಂಟೆ ಕೂರುತ್ತಿದ್ದವಳು ಒಂದು ಗಂಟೆ ಕೂತೆ, ಆಮೇಲೆ ಅದಕ್ಕಿಂತಲೂ ಹೆಚ್ಚು. ಎದ್ದಾಗ ಮೈಯೆಲ್ಲ ಸೋತು ಹೋಗುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಮನಸ್ಸು ನಿಲ್ಲದ ತಪ್ಪಿಗೆ ತಕ್ಕ ಶಿಕ್ಷೆ ಎಂದುಕೊಂಡೆ. ಯಜಮಾನರು ಒಂದು ಮಾತೂ ಆಡದೆ ತಾವೇ ಕಾಫಿ ಬೆರೆಸಿಕೊಳ್ಳತೊಡಗಿದರು. ಹೊತ್ತಿಗೆ ಸರಿಯಾಗಿ ಕಾಫಿ ಸಿಗದಿದ್ದರೆ ಮುಖ ಊದಿಸಿಕೊಳ್ಳುವ ಮನುಷ್ಯ! ಅದನ್ನು ಕಂಡು ಆಶ್ಚರ್ಯಪಡುವಷ್ಟು ವ್ಯವಧಾನವೂ ನನಗಿರಲಿಲ್ಲ.

ಹೀಗೆ ಒಂದು ತಿಂಗಳು ಕಳೆದ ಮೇಲೆ ಪೇಸ್‌ಮೇಕರ್ ತಪಾಸಣೆಯ ದಿನ ಬಂತು. ಎದೆಯ ಮೇಲೆ ಬಿಲ್ಲೆಯಂಥದ್ದೊಂದನ್ನಿಟ್ಟು ಕಂಪ್ಯೂಟರ್ ನೋಡುತ್ತಿದ್ದ ಹುಡುಗಿ ಎದ್ದುಹೋಗಿ ಡಾಕ್ಟರನ್ನು ಕರೆತಂದಳು. ಆಕೆಯೂ ಚಿಕ್ಕ ವಯಸ್ಸಿನವರೇ. ನನ್ನ ನಾಡಿ ಹಿಡಿದು ಕೇಳಿದರು, "ಎದೆ ಡವಡವ ಅಂತಿರ್ಲಿಲ್ವಾ ಅಮ್ಮಾ?"

"ಇಲ್ಲಾರೀ. ಚುಕ್ಕಿ ಅಳ್ಳಾಡ್ತಿತ್ತು" ಎಂದೆ. ಆಕೆಗೆ ಅರ್ಥವಾಗಲಿಲ್ಲ. ಅಂಗೈ ಎದೆಯ ಮಟ್ಟಕ್ಕೆ ಹಿಡಿದು ತೋರಿಸಿ ಎಲ್ಲ ವಿವರಿಸಿದೆ, ಕೊನೆಗೆ ಅಕ್ಕನ ವಿಷಯವನ್ನೂ ಹೇಳಿಬಿಟ್ಟೆ.

"ನಿಮ್ಮ ಮನಸ್ಸು ಚೆನ್ನಾಗೇ ಇದೆ. ಕೈ ಅಳ್ಳಾಡಿಸ್ತಿರೋದು ನಿಮ್ಮ ನಾಡಿ" ಎಂದರು ಡಾಕ್ಟರು. ಪೇಸ್‌ಮೇಕರ್ ಹೃದಯ ನಿಧಾನವಾದಾಗ ತಳ್ಳುತ್ತದೆಯೇ ಹೊರತು, ಹೃದಯ ತಾನಾಗಿಯೇ ಅಡ್ಡಾದಿಡ್ಡಿ ಓಡತೊಡಗಿದರೆ ಹಿಡಿದು ನಿಲ್ಲಿಸುವುದಿಲ್ಲವಂತೆ. ಈಗ ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಬರೀ ನಡುಗುತ್ತಿವೆ, ಇದು ಹೊಸ ತೊಂದರೆ ಎಂದರು.

ನನಗೆ ನಗು ಬಂತು. ಬರೀ ಹೃದಯವೇ! ಕುರ್ಚಿಯಿಂದೆದ್ದು ಆಕೆಯ ಕೆನ್ನೆ ಸವರಬೇಕೆನಿಸಿತು. ಹೊಸ ಹೃದಯರೋಗದ ಸುದ್ದಿ ಕೇಳಿ ಇಷ್ಟು ಖುಷಿಪಟ್ಟವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಡಾಕ್ಟರು ನಗಲಿಲ್ಲ. "ಹೀಗೆ ನಡುಗೋ ಕಡೆ ರಕ್ತ ನಿಂತು ಹೆಪ್ಪುಗಟ್ಟುತ್ತೆ ಅಮ್ಮಾ. ಆ ಹೆಪ್ಪು ಮಿದುಳಿಗೆ ಹೋದ್ರೆ ಮಾತು, ನೆನಪು ಏನು ಬೇಕಾದ್ರೂ ಹೋಗ್ಬಹುದು. ಒಂದು ತಿಂಗಳು ಸುಮ್ನೆ ಇದ್ರಲ್ಲಾ!" ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದನ್ನೇ ಬಾ ಎಂದು ಕರೆಯುತ್ತ ಕೂತಿದ್ದೆ.

ಓಟ ತಗ್ಗಿಸುವುದಕ್ಕೊಂದು, ರಕ್ತ ಹೆಪ್ಪುಗಟ್ಟದಿರಲು ಒಂದು, ಎರಡು ಮಾತ್ರೆ ಬರೆದುಕೊಟ್ಟರು. ಔಷಧಿ ಅಂಗಡಿಯ ಮುಂದೆ ಬೆಂಚಿನ ಮೇಲೆ ಕೂತಾಗ, ಜೊತೆಗೆ ಬಂದು ಹೊರಗೆ ಕಾದಿದ್ದ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ನಾನು ನೋಡಿದ್ದೆ ಕಣೇ" ಎಂದರು.

"ಏನನ್ನ?"

"ನಿನ್ನ ಕತ್ತಿನ ನರ. ಪೂಜೆಗೆ ಕೂತಾಗ ಒಂದು ತಿಂಗ್ಳಿಂದ ಸಿಕ್ಕಾಪಟ್ಟೆ ಎಗರ್ತಿತ್ತು. ನಿನಗೆ ಧ್ಯಾನ ಕೂಡಿ ಬಂದಿದೆ, ಏನೋ ದೊಡ್ಡದು ಒಲೀತಾ ಇದೆ ಅಂದ್ಕೊಂಡೆ. ಅಡ್ಡ ಬರ್ಬಾರ್ದು ಅಂತ ಸುಮ್ನಿದ್ದೆ. ಅದಕ್ಕೇ ಕಾಫಿನೂ ಕೇಳ್ಲಿಲ್ಲ."

"ಅಲ್ಲಾ, ಪೂಜೆಗೆ ಕೂತು ನನ್ನ ಕತ್ತು ಯಾಕ್ರೀ ನೋಡ್ತಿದ್ರಿ?"

"ನನಗೆ ಯಾವತ್ತು ಮನಸ್ಸು ನಿಂತಿದೆ? ನೀನು ಕಣ್ಣೆತ್ತೋವರೆಗೂ ಕಾಯ್ತಾ ಕೂತಿರ್ತೀನಿ. ಮದುವೆ ಆದಾಗಿಂದ ಅಷ್ಟೇ."

ಕಲ್ಲಿನಂತೆ ಕೂರುತ್ತಾರೆಂದು ನಾನು ಹೊಟ್ಟೆ ಉರಿದುಕೊಂಡ ಮನುಷ್ಯ ಇವರೇ. ಸಿಟ್ಟು ಬಂತು, ಅಳುವೂ ಬಂತು. ಮೊಣಕೈಯಿಂದ ಒಂದು ತಿವಿದು ಅವರ ಭುಜಕ್ಕೊರಗಿ ಕೂತೆ, ಯಾರು ನೋಡಿದರೆ ನೋಡಲಿ ಎಂದು.

ಮರುದಿನ ಬೆಳಿಗ್ಗೆ ಅವರು ತಮ್ಮ ಮಣೆಯನ್ನು ನನ್ನ ಪಕ್ಕದಿಂದೆತ್ತಿ ಎದುರಿಗೆ ಹಾಕಿಕೊಂಡರು. ದೀಪ ಹಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಮಾತ್ರೆ ನಾಟಲು ಇನ್ನೂ ದಿನ ಹಿಡಿಯುತ್ತದೆ ಎಂದಿದ್ದರು ಡಾಕ್ಟರು. ಚುಕ್ಕಿ ಪಟಪಟ ಅದುರಿತು, ನಿಂತಿತು, ಮತ್ತೆ ಅದುರಿತು. ಅಪ್ಪ ಹಾಕಿಕೊಟ್ಟ ಮೌನವನ್ನು ಈ ವಯಸ್ಸಿನಲ್ಲಿ ಮೊದಲ ಸಲ ಮುರಿದೆ.

"ರೀ, ಅಳ್ಳಾಡ್ತಾ ಇದೆ" ಎಂದೆ.

"ಕಾಣಿಸ್ತಾ ಇದೆ ಕಣೇ" ಎಂದರು.