ಹಾಡು ತೆಗೆದ ಮೇಲೆ ಉಳಿದ ಕೋಣೆ

ದೋಹಾಕ್ಕೆ ಬಂದ ಮರುದಿನ, ಶುಕ್ರವಾರ ಮಧ್ಯಾಹ್ನ, ಅಲ್ ಸದ್ದ್ ಬಡಾವಣೆಯಲ್ಲಿ ಗೆಳೆಯ ಮೋಹನನ ಫ್ಲ್ಯಾಟಿನಲ್ಲಿದ್ದೆ. ಹಳೆಯ ಯಕ್ಷಗಾನದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಗಲಾಟೆ ತೆಗೆದು ಸೀಡಿ ಮಾಡುವುದು ಅವನ ಹುಚ್ಚು. ಅದನ್ನು ತಿಳಿದ ಅವನ ಸಹೋದ್ಯೋಗಿ, ಇರಾಕಿನ ಕುರ್ದಿಶ್ ಹಿರಿಯ ರಿಜ್ಗಾರ್, ತಮ್ಮ ಹಳ್ಳಿಯ ಮನೆಯಲ್ಲಿ ಹಿಂದೆ ಹಾಡುಗಾರನೊಬ್ಬನಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದ ಕ್ಯಾಸೆಟ್ ಕೊಟ್ಟಿದ್ದರು. ಆ ಹಳ್ಳಿಯೂ ಅಲ್ಲಿನ ಜನರೂ ಈಗ ಇಲ್ಲವಂತೆ.

"ಕೆಮ್ಮು, ಲೋಟದ ಶಬ್ದ ಎಲ್ಲ ಖಲಾಸ್. ಈಗ ಕೇಳಿ ಮಾರಾಯ್ರೆ," ಎಂದು ಮೋಹನ ನನಗೆ ಹೇಳಿದ. ಉಂಡ ಮೇಲೆ ಹಾಡು ಕೇಳಿದರೆ ನನಗೆ ನಿದ್ದೆ ಬರುತ್ತದೆ. ಆದರೆ ಹಾಡು ಶುರುವಾದದ್ದೇ, ಎದುರು ಕೂತಿದ್ದ ರಿಜ್ಗಾರರ ಮುಖ ಬಿಳಿಚಿಕೊಂಡಿತು.

"ಅವರೆಲ್ಲ ಎಲ್ಲಿ ಹೋದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಂದು ಹಾಡುಗಾರನ ಸುತ್ತ ಕೂತು ಕೆಮ್ಮಿದವರು ರಿಜ್ಗಾರರ ಮನೆಮಂದಿ.

"ತೆಗೆದದ್ದು ಬೇರೆ ಫೈಲಿನಲ್ಲಿ ಉಂಟು," ಎನ್ನುತ್ತ ಮೋಹನ ಅದನ್ನು ಹಾಕಿದ. ಈಗ ಹಾಡಿರಲಿಲ್ಲ. ಕೋಣೆಯೊಂದು ಉಸಿರಾಡುತ್ತಿತ್ತು. ಯಾರೋ ಕೆಮ್ಮಿದರು, ಎಳೆಕೂಸು ಮುಲುಗಿತು. ಆಮೇಲೆ, ಬಂದವರು ಯಾರೆಂದು ಎಲ್ಲರೂ ತಿರುಗಿ ನೋಡಿದಾಗಿನಂಥ ಮೌನ.

ರಿಜ್ಗಾರ್ ಎದ್ದು ನಿಂತು ಮೆಲ್ಲಗೆ ಸಲಾಂ ಹೇಳಿದರು. ಸ್ಪೀಕರಿನೊಳಗೆ ಯಾರೋ ಚಹಾದ ಲೋಟ ಕೆಳಗಿಟ್ಟರು.

ನಾನು ಸೋಫಾದ ಮೂಲೆಗೆ ಸರಿದು, ಪಕ್ಕದಲ್ಲಿ ಆ ಮನೆಮಂದಿಗೆ ಜಾಗ ಬಿಟ್ಟು ಕೂತೆ.