ಬೆಟಗೇರಿಯ ಉದ್ಯಾನದಲ್ಲೊಂದು ಕಣ

ಬೆಟಗೇರಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದ ಗದಿಗೆವ್ವನಿಗೆ ಒಲೆಯ ಮುಂದೆ ಕೂತೂ ಕೂತೂ ಸಾಕಾಗಿ ಹೋಗಿತ್ತು. ರೊಟ್ಟಿಯ ಮೇಲೆ ಅವಳಿಗೆ ಸಿಟ್ಟೇನಿರಲಿಲ್ಲ. ಅವಳ ಕೈಯ ರೊಟ್ಟಿ ಉಂಡವರು ಇನ್ನೊಂದು ಹಾಕಿಸಿಕೊಳ್ಳದೆ ಏಳುತ್ತಿರಲಿಲ್ಲ. ಆದರೆ ಅವಳು ಹರ್ತಿಯ ಹೊಲಗಳಲ್ಲಿ ಬೆಳೆದ ಹೆಂಗಸು. ಕಾಲಿಗೆ ಮಣ್ಣು, ಮೈಗೆ ಬಯಲುಗಾಳಿ ತಾಗಿದರೆ ಮಾತ್ರ ಹಸಿವಾಗುವ ಜೀವ. ಮಗಳನ್ನು ಬೆಟಗೇರಿಯ ನೇಕಾರರ ಓಣಿಗೆ ಕೊಟ್ಟು, ಗಂಡ ತೀರಿಕೊಂಡ ಮೇಲೆ ತಾನೂ ಅಲ್ಲಿಗೇ ಬಂದು ಸೇರಿದ್ದಳು. ಮಗಳು ಅಳಿಯ ಚೆನ್ನಾಗಿಯೇ ನೋಡಿಕೊಂಡರು. ಕೊರತೆ ಇದ್ದದ್ದು ಮಣ್ಣಿನದು.

ಓಣಿಯ ತುದಿಗೆ ಹಿಂದೆಂದೋ ಹತ್ತಿ ಹಿಂಜುವ ಗಿರಣಿಯೊಂದಿತ್ತು. ಅದು ಮುಚ್ಚಿ ಯಾವ ಕಾಲವಾಯಿತೋ, ಗೋಡೆ ಬಿದ್ದು, ಬಳ್ಳಾರಿ ಜಾಲಿ ಬೆಳೆದು, ಅಂಗಳವೆಲ್ಲ ತಿಪ್ಪೆಯಾಗಿತ್ತು. ಮನೆ ಕೆಡವಿದವರ ಇಟ್ಟಿಗೆ ಚೂರು, ಮದುವೆಮನೆಯ ಎಂಜಲೆಲೆ, ಹರಿದ ಗಾದಿ, ಎಲ್ಲ ಅಲ್ಲಿಗೇ. ಇಲ್ಲಿ ಕಸ ಚೆಲ್ಲಬಾರದು ಎಂದು ಬೋರ್ಡು ಹಾಕಿದರೆ, ಜನ ಕಸದ ಚೀಲವನ್ನು ಆ ಬೋರ್ಡಿಗೇ ತೂಗುಹಾಕಿ ಹೋಗುತ್ತಿದ್ದರು. ನೆಲಕ್ಕಂತೂ ಚೆಲ್ಲಲಿಲ್ಲವಲ್ಲ ಎನ್ನುವ ಸಮಾಧಾನ ಅವರಿಗೆ.

ಆ ಜಾಗವನ್ನು ಉದ್ಯಾನ ಮಾಡುತ್ತಾರಂತೆ ಎಂಬ ಖಬರ ತಂದವಳು ಹಸೀನಾಬಿ. ಗೋಡೆಗೆ ಗೋಡೆ ಹತ್ತಿದ ಮನೆಯವಳು, ಗಾದಿ ಹೊಲಿಯುವ ಕಸುಬಿನವಳು. ಒಂದು ಬೆಳಿಗ್ಗೆ ಯಂತ್ರ ಬಂದು ಜಾಲಿ ಕಿತ್ತಿತು, ಟ್ರ್ಯಾಕ್ಟರು ಕಸ ಹೊತ್ತೊಯ್ದಿತು. ಕೆಲಸ ನೋಡಿಕೊಳ್ಳಲು ಸುಶ್ಮಿತಾ ಎಂಬ ಚಿಕ್ಕ ವಯಸ್ಸಿನ ಇಂಜಿನಿಯರು ಬಂದಳು. ಉದ್ಯಾನಕ್ಕೆ ಮುಂದೆ ಮಾಲಿಯೊಬ್ಬರು ಬೇಕಾಗುತ್ತಾರೆ ಎಂದು ಅವಳ ಬಾಯಿಂದ ಬಿದ್ದದ್ದೇ ತಡ, ಹಸೀನಾಬಿ ಗದಿಗೆವ್ವನ ರಟ್ಟೆ ಹಿಡಿದು ಮುಂದೆ ನೂಕಿದಳು.

"ಇಕಿ ಹರ್ತಿಯಾಕಿರಿ ಮೇಡಂರ. ಒಲಿ ಮುಂದ ಕೂಡಿಸಿ ಹಾಳು ಮಾಡ್ಯಾರ. ಒಮ್ಮೆ ಮಣ್ಣಿಗೆ ಬಿಟ್ಟು ನೋಡ್ರಿ."

ಸುಶ್ಮಿತಾ ನಕ್ಕು ಒಪ್ಪಿದಳು. ಉದ್ಯಾನದ ಕೆಲಸ ಹಿಡಿದಿದ್ದ ಗುತ್ತಿಗೆದಾರನಿಗೆ ಮಾತ್ರ ಅದು ಸರಿಬರಲಿಲ್ಲ. ಅವನ ಕಡೆಯವನೊಬ್ಬ ಆ ಕೆಲಸಕ್ಕೆ ಕಾದು ಕೂತಿದ್ದ. ಕೊನೆಗೆ ಮಾತು ಹೀಗೆ ನಿಂತಿತು: ನಡುವಿನ ಅಂಗಳವನ್ನು ಗದಿಗೆವ್ವ ಹದ ಮಾಡಲಿ. ಕೆಲಸ ಒಪ್ಪಿಗೆಯಾದರೆ ಅವಳೇ ಮಾಲಿ, ಇಲ್ಲವಾದರೆ ಗುತ್ತಿಗೆದಾರನ ಮನುಷ್ಯ. ನೆಲ ಸಪಾಟಾಗಬೇಕು, ಒಂದು ಹರಳು ಕಾಲಿಗೆ ಚುಚ್ಚಬಾರದು, ನೀರು ನಿಲ್ಲಬಾರದು ಎಂದು ಹೇಳಿ, ಮುಂದಿನದು ಬಂದು ಹೇಳುತ್ತೇನೆಂದು ಸುಶ್ಮಿತಾ ಮುಂಡರಗಿಯ ಕಡೆಯ ಬೇರೊಂದು ಕೆಲಸಕ್ಕೆ ಹೋದಳು.

ಸಪಾಟು ನೆಲ, ಹರಳಿಲ್ಲದ ನೆಲ, ನೀರು ನಿಲ್ಲದ ನೆಲ ಎಂದರೆ ಗದಿಗೆವ್ವನಿಗೆ ಗೊತ್ತಿದ್ದದ್ದು ಒಂದೇ. ಅದು ಕಣ, ಸುಗ್ಗಿಯಲ್ಲಿ ಜೋಳದ ತೆನೆ ಹರವಿ ತುಳಿಸಿ ರಾಶಿ ಮಾಡುವ ಜಾಗ. ಖಾನಾವಳಿಗೆ ರಜೆ ಹೇಳಿ ಅವಳು ಸೀರೆ ಎತ್ತಿ ಕಟ್ಟಿದಳು. ಗಾಜಿನ ಚೂರು, ಮೊಳೆ, ಹರಳು ಎಲ್ಲ ಆರಿಸಿದಳು. ಗರಸುಮಣ್ಣು ಹರವಿ, ನೀರು ಚಿಮುಕಿಸಿ, ಓಣಿಯ ಮಕ್ಕಳನ್ನೆಲ್ಲ ಕರೆದು ಕುಣಿಯಿರಿ ಎಂದಳು. ಬೈಸಿಕೊಳ್ಳದೆ ಕೆಸರು ತುಳಿಯುವ ಭಾಗ್ಯ ಯಾರಿಗುಂಟು, ಮಕ್ಕಳು ಮನಸಾರೆ ತುಳಿದವು. ಎತ್ತಿಲ್ಲ, ನೆಲದ ಮೇಲೆ ಉರುಳಿಸುವ ಕಲ್ಲಿನ ಗುಂಡೂ ಇಲ್ಲ. ಹಳೆಯ ಡಾಂಬರಿನ ಪೀಪಾಯಿಯೊಂದಕ್ಕೆ ಕಲ್ಲು ತುಂಬಿ, ಅವಳೂ ಹಸೀನಾಬಿಯೂ ಹಿಂದೆ ಮುಂದೆ ಉರುಳಿಸಿದರು. ನೆಲ ಬಿಗಿದ ಮೇಲೆ ಸಗಣಿ ಕಲಸಿ ಮೇಲಿಂದ ಮೇಲೆ ಸಾರಿಸಿದಳು.

ಎದುರಿನ ಚಹಾದಂಗಡಿಯ ಕಟ್ಟೆಯ ಮೇಲೆ ಮುದಕಪ್ಪ ಎಂಬ ಹಿರಿಯ ಕೂತಿರುತ್ತಿದ್ದ. ಮಗ್ಗ ಬಿಟ್ಟ ಮೇಲೆ ಅವನಿಗೆ ಊರವರ ಕೆಲಸದ ತಪ್ಪು ಹುಡುಕುವುದೇ ಉದ್ಯೋಗ.

"ಎಲ್ಲಾ ಆತು ಗದಿಗೆವ್ವಾ, ಎತ್ತು ಕಟ್ಟೂ ಮೇಟಿ ಯಾವಾಗ ಹುಗೀತಿ? ರಾಶಿಗೆ ನಮಗೂ ಹೇಳಿಕಳಸು ಮತ್ತ."

"ನೀ ಎತ್ತಾಗಿ ತುಳಿಯಾಕ ಬರೂದಾದ್ರ ನಾಳೆನ ಹುಗೀತೀನಿ ಮಾವಾ," ಎಂದಳು ಗದಿಗೆವ್ವ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಮುದಕಪ್ಪನೂ ನಕ್ಕ.

ಕಣ ಒಣಗಿದ ಮರುದಿನ ಒಂದು ವಿಚಿತ್ರ ನಡೆಯಿತು. ದಿನಾ ಬೆಳಿಗ್ಗೆ ಸೈಕಲ್ಲಿನ ಮೇಲೆ ಕಸ ತಂದು ಬೀಸಿ ಒಗೆಯುತ್ತಿದ್ದ ಅಂಗಡಿಯವನೊಬ್ಬ ಅಂದೂ ಬಂದ. ಚೀಲ ಎತ್ತಿದ. ಸಾರಿಸಿದ ನೆಲ ಕಂಡು ಎತ್ತಿದ ಕೈ ಹಾಗೇ ನಿಂತಿತು. ಆಚೀಚೆ ನೋಡಿ, ಚೀಲವನ್ನು ಮತ್ತೆ ಸೈಕಲ್ಲಿಗೆ ಸಿಕ್ಕಿಸಿ ಹೊರಟುಹೋದ. ಸಂಜೆ ಗಾಳಿಗೆ ಬಂದ ಹೆಂಗಸರು ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಕಣಕ್ಕೆ ಯಾರಾದರೂ ಕಾಲ್ಮರಿ ಮೆಟ್ಟಿ ಬರುತ್ತಾರೆಯೇ? ಬೆಟಗೇರಿಯಲ್ಲಿ ಹುಟ್ಟಿದವರಾದರೂ ಎಲ್ಲರ ಅಜ್ಜ ಮುತ್ತಜ್ಜಂದಿರು ಯಾವುದೋ ಹಳ್ಳಿಯವರೇ. ಹಸೀನಾಬಿ ಹೊಲಿಗೆಯ ಗಾದಿಯನ್ನು ಅಲ್ಲಿಗೇ ತಂದು ಹಾಸಿಕೊಂಡು ಕೂತಳು. ಮಕ್ಕಳು ಕುಂಟೆಬಿಲ್ಲೆ ಆಡಿದರು. ಹೊಲಸು ಅತ್ತ ಸುಳಿಯಲಿಲ್ಲ.

ಗದಿಗೆವ್ವ ತನ್ನ ಕೆಲಸ ಗೆದ್ದಿತೆಂದೇ ತಿಳಿದಿದ್ದಳು. ಅಷ್ಟರಲ್ಲಿ ಒಂದು ಮಧ್ಯಾಹ್ನ ಸುಶ್ಮಿತಾಳ ಜೀಪೂ ಅದರ ಹಿಂದೆ ಗುತ್ತಿಗೆದಾರನ ಟೆಂಪೊವೂ ಬಂದವು. ಟೆಂಪೊ ತುಂಬ ಹಸಿರು ಹುಲ್ಲು, ಚಾಪೆಯಂತೆ ಸುರುಳಿ ಸುತ್ತಿದ್ದು.

ಸುಶ್ಮಿತಾ ಇಳಿದವಳೇ ಹಣೆಗೆ ಕೈ ಹಚ್ಚಿದಳು. "ಇದೇನು ಮಾಡಿಟ್ಟೀರಿ? ಇದರ ಮ್ಯಾಲೆ ಹುಲ್ಲು ಹೆಂಗ ಬೇರು ಬಿಡತೈತ್ರಿ?"

ಗದಿಗೆವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. "ಹುಲ್ಲು ಯಾಕ ಬೇರು ಬಿಡಬೇಕ್ರಿ?" ಎಂದಳು. ಟೆಂಪೊದೊಳಗೆ ಇಣುಕಿ ನೋಡಿದಳು. "ಇದನ್ನ ರೊಕ್ಕಾ ಕೊಟ್ಟು ತಂದೀರಿ?" ಬುದ್ಧಿ ಬಲಿತಾಗಿನಿಂದ ಹೊಲದಲ್ಲಿ ಕರಿಕೆ ಹುಲ್ಲು ಕೀಳುತ್ತಲೇ ಸೊಂಟ ಬಾಗಿದ ಹೆಂಗಸು ಅವಳು.

ಹುಲ್ಲುಹಾಸು ಅಂದೇ ನೆಲಕ್ಕೆ ಬೀಳಬೇಕಿತ್ತು, ಇಲ್ಲದಿದ್ದರೆ ಒಣಗುತ್ತಿತ್ತು. ಸಡಿಲ ಮಣ್ಣು ಬೇಕಾದಲ್ಲಿ ಕಲ್ಲಿನಂಥ ನೆಲ. ಗುತ್ತಿಗೆದಾರನಿಗೆ ಇದೇ ಬೇಕಾಗಿತ್ತು. ತನ್ನ ಮನುಷ್ಯನನ್ನು ಈಗಲೇ ಕರೆಸುತ್ತೇನೆ ಎಂದು ಫೋನು ತೆಗೆದ. ನಾಳೆಯಿಂದ ಮತ್ತೆ ಒಲೆಯ ಮುಂದೆ ಎನ್ನುವುದು ಗದಿಗೆವ್ವನ ಕಣ್ಣಿಗೆ ಆಗಲೇ ಕಂಡಿತು.

ನೆಲ ಎಷ್ಟು ಗಟ್ಟಿಯಾಗಿದೆ ನೋಡೋಣವೆಂದು ಸುಶ್ಮಿತಾ ಸಿಟ್ಟಿನಲ್ಲೇ ನಡುವಿನವರೆಗೂ ನಡೆದಳು. ಹಿಮ್ಮಡಿಯಿಂದ ಒತ್ತಿ ನೋಡಿದಳು. ಕಟ್ಟೆಯ ಮೇಲಿಂದ ಮುದಕಪ್ಪ ಕೂಗಿ ಕೇಳಿದ: "ಮೇಡಂರ, ತಮ್ಮದ್ಯಾವೂರ್ರಿ?"

"ಲಕ್ಷ್ಮೇಶ್ವರ. ಯಾಕ್ರಿ?"

"ಹೊಲಾ ಐತೇನ್ರಿ ಮನ್ಯಾಗ?"

"ಐತಿ. ಅದನ್ಯಾಕ ಕೇಳ್ತೀರಿ ಈಗ?"

ಮುದಕಪ್ಪ ಕಣದ ಅಂಚಿಗೆ ಕೈ ತೋರಿಸಿದ. ಅಲ್ಲಿ ಹೆಂಗಸರ ಚಪ್ಪಲಿಗಳ ಸಾಲಿನ ಕೊನೆಗೆ ಸುಶ್ಮಿತಾಳ ಚಪ್ಪಲಿಗಳೂ ಇದ್ದವು. ಯಾವಾಗ ಬಿಟ್ಟಳೋ ಅವಳಿಗೇ ಗೊತ್ತಿರಲಿಲ್ಲ. ಅವಳು ತನ್ನ ಬರಿಗಾಲು ನೋಡಿಕೊಂಡಳು. ಆಮೇಲೆ ಸುತ್ತ ನೋಡಿದಳು. ಕಸದ ಚೀಲಗಳು ಎಲ್ಲಿ ಹೋದವು ಎಂದು ಕೇಳಿದಳು. ಹಸೀನಾಬಿ ಸೈಕಲ್ಲಿನವನ ಕಥೆ ಹೇಳಿದಳು, ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದಳು. ಸುಶ್ಮಿತಾಳ ಮೋರೆಯ ಮೇಲೆ ನಗೆ ಬಂತು.

ಆದರೆ ಹುಲ್ಲು ಟೆಂಪೊದಲ್ಲೇ ಬಾಡುತ್ತಿತ್ತು. ಗದಿಗೆವ್ವ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡಳು.

"ಕೇಳದ ಮಾಡಿದ್ದು ನನ್ನ ತಪ್ಪರಿ. ಎಲ್ಲಿ ಒಡೀಬೇಕು ತೋರಸ್ರಿ. ಕಟ್ಟಿದಾಕಿನ ಒಡೀತೀನಿ."

ಸುಶ್ಮಿತಾ ಒಂದು ಕೋಲು ಹಿಡಿದು ಅಂಗಳದ ಅಂಚಿನಿಂದ ಒಂದಿಷ್ಟು ಒಳಗೆ ಸುತ್ತಲೂ ಗೆರೆ ಎಳೆದಳು. ಗೆರೆಯ ಆಚೆ ಹುಲ್ಲು, ನಡುವೆ ಕಣ. ನಕ್ಷೆಯಲ್ಲಿ ಕಣ ಇಲ್ಲವಲ್ಲ ಎಂದು ಗುತ್ತಿಗೆದಾರ ತಕರಾರು ತೆಗೆದ. ಇನ್ನು ಮೇಲೆ ಇರುತ್ತದೆ ಎಂದಳು ಅವಳು, ಮೇಲಿನವರಿಗೆ ತಾನೇ ತಿಳಿಸಿ ಹೇಳುತ್ತೇನೆಂದಳು. ತಾನೇ ಬಿಗಿದ ನೆಲವನ್ನು ಗದಿಗೆವ್ವ ಅಗೆದಳು. ಓಣಿಯ ಗಂಡಸರು ಮಗ್ಗ ನಿಲ್ಲಿಸಿ ಬಂದು ಕೈಜೋಡಿಸಿದರು. ಹೊತ್ತು ಮುಳುಗುವುದರೊಳಗೆ ಹುಲ್ಲು ನೆಲ ಕಂಡಿತು. ಅದಕ್ಕೆ ನೀರು ಬಿಡುವಾಗ ಗದಿಗೆವ್ವನ ಮುಖ ನೋಡಿ ಹಸೀನಾಬಿ, "ಅಕ್ಕಾ, ನಡುರಾತ್ರಿ ಎದ್ದು ಬಂದು ಕಿತ್ತಗಿತ್ತೀ ಮತ್ತ," ಎಂದಳು. ಕೈಯೇನೋ ತುರಿಸುತ್ತೈತಿ ಎಂದು ಗದಿಗೆವ್ವ ಒಪ್ಪಿಕೊಂಡಳು.

ಉದ್ಯಾನ ತೆರೆದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಹೊತ್ತಿಗೆ ಮೊದಲೇ ಓಣಿಯೆಲ್ಲ ಬಂದು ಕಣದ ಮೇಲೆ ಕೂತಿತ್ತು. ದೊಡ್ಡ ಅಧಿಕಾರಿಯೊಬ್ಬರು ಲೇಸು ಬಿಗಿದ ಮಿರಿಮಿರಿ ಬೂಟು ಹಾಕಿಕೊಂಡು ಬಂದರು. ಕಣಕ್ಕೆ ಬೂಟು ಬಿಟ್ಟು ಬನ್ನಿ ಎಂದು ಅವರಿಗೆ ಹೇಳುವವರು ಯಾರು? ಸುಶ್ಮಿತಾ ಗದಿಗೆವ್ವನ ಕಡೆ ನೋಡಿದಳು. ಉಳಿದವರೂ ಅವಳ ಕಡೆಯೇ ನೋಡಿದರು. ಮಾಲಿಯ ಖಾಕಿ ಅಂಗಿಯನ್ನು ಇಳಕಲ್ ಸೀರೆಯ ಮೇಲೆ ತೊಟ್ಟಿದ್ದ ಗದಿಗೆವ್ವ ಕುರ್ಚಿಯೊಂದನ್ನು ತಂದು ಕಣದ ಅಂಚಿಗೆ ಇಟ್ಟಳು.

"ಕುಂಡ್ರಿ ಸಾಹೇಬ್ರ," ಎಂದಳು. "ಸಾವಕಾಶ ಬಿಚ್ಚ್ರಿ, ಗಡಿಬಿಡಿ ಏನಿಲ್ಲ."