ತಾಡಪತ್ರಿಯ ಮೇಲಿನ ಇಪ್ಪತ್ತೆರಡು ಜೋಡಿ

2016ರಲ್ಲಿ ನಾನು ಕುಂದಗೋಳ ತಾಲ್ಲೂಕಿನ ಒಂದು ಖಾಸಗಿ ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿದ್ದೆ. ಜೊತೆಗೆ ಬಸ್ ಇನ್‌ಚಾರ್ಜ್. ಸಣ್ಣ ಶಾಲೆಗಳಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ಪಿ.ಟಿ. ಟೀಚರ್ ತಲೆಗೇ ಬರುತ್ತದೆ. ಗಂಟಲು ದೊಡ್ಡದಿದ್ದವರೇ ಗುಂಪು ಕಾಯಲಿ ಎಂದು ಆಡಳಿತ ಮಂಡಳಿಯವರ ವಿಚಾರ. ನನ್ನ ಗಂಟಲಂತೂ ದೊಡ್ಡದೇ. ಮೈದಾನದ ಈ ತುದಿಯಿಂದ ಕೂಗಿದರೆ ಆ ತುದಿಯ ಹುಡುಗ ಬಾಯಲ್ಲಿದ್ದ ಚೂಯಿಂಗ್ ಗಮ್ ನುಂಗಿಬಿಡುತ್ತಿದ್ದ.

ನನ್ನ ಪಾಲಿಗೆ ಬಂದದ್ದು ಕುಬಿಹಾಳ ಕಡೆಯ ಬಸ್ಸು. ಮೂರು ಸ್ಟಾಪ್, ಮೂವತ್ತೊಂದು ಮಕ್ಕಳು. ಶಾಲಾ ಬಸ್ಸಿನಲ್ಲಿ ಡ್ರೈವರ್ ಜೊತೆಗೆ ಒಬ್ಬ ಅಟೆಂಡರ್ ಇರಲೇಬೇಕು. ಅಟೆಂಡರ್ ಎಂದರೆ ಮಕ್ಕಳನ್ನು ಕೈಹಿಡಿದು ಹತ್ತಿಸಿ, ಎಣಿಸಿ, ರಜಿಸ್ಟರಿನಲ್ಲಿ ಹೆಸರಿನ ಮುಂದೆ ಗುರುತು ಹಾಕಿ, ಶಾಲೆಯಲ್ಲಿ ಇಳಿಸಿ, ಸಂಜೆ ಮನೆಯವರ ಕೈಗೇ ಒಪ್ಪಿಸುವ ಮನುಷ್ಯ. ನಮ್ಮಲ್ಲಿ ಆ ಮನುಷ್ಯಳೂ ನಾನೇ.

ನಮ್ಮದು ಎರೆಮಣ್ಣಿನ ಸೀಮೆ. ಮಳೆ ಬಿದ್ದ ದಿನ ಮಕ್ಕಳು ಬೂಟಿನ ಸುತ್ತ ಅರ್ಧ ಹೊಲವನ್ನೇ ಕಟ್ಟಿಕೊಂಡು ಬರುತ್ತಿದ್ದರು. ಡ್ರೈವರ್ ಫಕ್ಕೀರಪ್ಪನಿಗೆ ಅದು ಕಂಡರಾಗದು. ದಿನಾ ಬಸ್ಸನ್ನು ತೊಳೆದು ಒರೆಸಿ ಇಡುವವನು ಅವನು. ಜೂನ್ ತಿಂಗಳ ಮೊದಲ ಮಳೆಗೇ ತಕರಾರು ತೆಗೆದ.

“ಟೀಚರ, ಇದು ಬಸ್ ಐತೋ ಏನ ಬಿತ್ತೋ ಹೊಲ ಐತೋ? ನಾಳಿಂದ ಬೂಟು ಬಾಗಲದಾಗಽ ಬಿಚ್ಚಬೇಕು, ಹೇಳೇನಿ ನೋಡ್ರಿ.”

ಮರುದಿನ ಬಾಗಿಲ ಒಳಗಡೆ, ಮೆಟ್ಟಿಲ ಪಕ್ಕದಲ್ಲಿ, ಲಾರಿಗೆ ಹೊದಿಸುವ ತಾಡಪತ್ರಿಯ ತುಂಡೊಂದನ್ನು ಹಾಸಿದ. ಮಕ್ಕಳು ಹತ್ತಿದ ಕೂಡಲೇ ಬೂಟು ಬಿಚ್ಚಿ ಅದರ ಮೇಲೆ ಸಾಲಾಗಿ ಇಡಬೇಕು. ಶಾಲೆ ಬಂದಾಗ ತಂತಮ್ಮ ಬೂಟು ಕೈಯಲ್ಲಿ ಹಿಡಿದು ಇಳಿದು, ನಲ್ಲಿಯ ಹತ್ತಿರ ತೊಳೆದು ಹಾಕಿಕೊಳ್ಳಬೇಕು. ಇದರಲ್ಲಿ ನನಗೂ ಒಂದು ಅನುಕೂಲ ಕಂಡಿತು. ಕುಣಿಯುವ ಮಕ್ಕಳನ್ನು ಎಣಿಸುವುದು ಕಷ್ಟ, ಬೂಟುಗಳು ಸುಮ್ಮನೆ ಬಿದ್ದಿರುತ್ತವೆ. ಮಳೆಯ ದಿನ ನಾನು ಜೋಡಿಗಳನ್ನು ಎಣಿಸಿ ರಜಿಸ್ಟರಿನಲ್ಲಿ ಬರೆಯತೊಡಗಿದೆ. ಹೆಸರಿನ ಮುಂದಿನ ಗುರುತನ್ನು ಆಮೇಲೆ ಪುರಸೊತ್ತಿನಲ್ಲಿ ತುಂಬಿದರಾಯಿತು. ಶಾಲೆಯಲ್ಲಿ ತಾಡಪತ್ರಿ ಖಾಲಿಯಾಯಿತೆಂದರೆ ಬಸ್ಸೂ ಖಾಲಿ. ನಾನು ಸೀಟಿ ಊದುತ್ತಿದ್ದೆ, ಫಕ್ಕೀರಪ್ಪ ಗಾಡಿ ತೆಗೆಯುತ್ತಿದ್ದ. ಎಷ್ಟು ಶಾಣ್ಯಾಳಲ್ಲವೇ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ವರ್ಷ ಕುಬಿಹಾಳದ ಸ್ಟಾಪಿನಿಂದ ಎಲ್‌ಕೆಜಿಗೆ ಒಂದು ಹೊಸ ಕೂಸು ಸೇರಿತ್ತು. ಹೆಸರು ಶಿವಲೀಲಾ, ವಯಸ್ಸು ನಾಲ್ಕು. ತಂದೆ ತಾಯಿ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಿದ್ದರು, ಕೂಸಿನ ಉಸಾಬರಿಯೆಲ್ಲ ಅಜ್ಜಿ ನೀಲವ್ವನದು. ಹಣೆ ತುಂಬ ವಿಭೂತಿ ಧರಿಸಿದ ಗಟ್ಟಿ ಹೆಂಗಸು ಅವಳು. ರಾಡಿಯ ದಿನ ಮೊಮ್ಮಗಳ ಕಾಲನ್ನು ನೆಲಕ್ಕೆ ತಾಗಿಸುತ್ತಿರಲಿಲ್ಲ. ಬಗಲಲ್ಲಿ ಎತ್ತಿಕೊಂಡು ಬಂದು ಬಸ್ಸಿನ ಬಾಗಿಲಲ್ಲಿ ನನ್ನ ಕೈಗೆ ದಾಟಿಸುತ್ತಿದ್ದಳು.

“ತಗೋರಿ ಟೀಚರ, ನಿಮ್ಮ ಪೀಪಿ ಊದಾಕಿ ಬಂದ್ಲು.”

ಪೀಪಿ ಎಂದರೆ ನನ್ನ ಕೊರಳಲ್ಲಿದ್ದ ಸೀಟಿ. ಅದನ್ನು ನಾನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಹೆಡ್‌ಮಾಸ್ತರರಿಗೂ ಸಹ. ಈ ಕೂಸು ಮಾತ್ರ ಮೊದಲ ವಾರದಲ್ಲೇ ನನ್ನ ತೊಡೆಯೇರಿ ಕುಳಿತು ಅದನ್ನು ಬಾಯಿಗಿಟ್ಟುಕೊಂಡಿತು. ಅಂದಿನಿಂದ ಅವಳು ಊದಿದರೇ ಬಸ್ಸು ಹೊರಡಬೇಕು. ಫಕ್ಕೀರಪ್ಪನೂ ಬೇಕೆಂದೇ ಸ್ಟಿಯರಿಂಗ್ ಹಿಡಿದು ಕಾಯುತ್ತಿದ್ದ. ನನಗೆ ಸ್ವಂತ ಮಕ್ಕಳಿಲ್ಲ. ಅದನ್ನು ಹೇಳಿಕೊಂಡು ಅಳುವ ಪೈಕಿಯವಳೂ ನಾನಲ್ಲ. ಆದರೂ ದಿನಾ ಬೆಳಿಗ್ಗೆ ಕುಬಿಹಾಳದ ಸ್ಟಾಪ್ ಹತ್ತಿರ ಬಂದಂತೆ ನಾನು ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದೆ, ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಅದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ. ರಾತ್ರಿಯಿಡೀ ಮಳೆ ಹೊಡೆದಿತ್ತು, ಬೆಳಿಗ್ಗೆಯೂ ಜಿಟಿಜಿಟಿ ನಿಂತಿರಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ನೀಲವ್ವ ಎಂದಿನಂತೆ ಕೂಸನ್ನು ನನ್ನ ಕೈಗೆ ಕೊಟ್ಟಳು. ಅಂದು ಮಾತ್ರ ಬೂಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪಾಟಿಚೀಲದೊಳಗೆ ಇಟ್ಟಿದ್ದಳು, ರಾಡಿ ತಾಗದಿರಲಿ ಎಂದು. ಅಷ್ಟರಲ್ಲಿ ನನಗೆ ಫೋನ್ ಬಂತು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೊರಟಿದ್ದ ಕೊಕ್ಕೊ ತಂಡದ ಪಟ್ಟಿಯಲ್ಲಿ ಏನೋ ತಪ್ಪಾಗಿತ್ತು. ಹೆಡ್‌ಮಾಸ್ತರರು ಕಿವಿಯಲ್ಲಿ ಕೂಗುತ್ತಿದ್ದರು, ಕೂಸು ಸೀಟಿಗೆ ಕೈ ಹಾಕುತ್ತಿತ್ತು.

“ಪೀಪಿ ಸಂಜೀಕ ಊದಾಕಿಯಂತ. ಹಿಂದ ಹೋಗಿ ಅಕ್ಕಗಳ ಕೂಡ ಕುಂದರು ನಮ್ಮವ್ವ,” ಎಂದೆ.

ಅವಳು ಹಿಂದೆ ಹೋದಳು. ಫೋನ್ ಇಟ್ಟ ಮೇಲೆ ತಾಡಪತ್ರಿ ನೋಡಿದೆ. ಮಳೆಯೆಂದು ಬಹಳ ಮಕ್ಕಳು ಬಂದಿರಲಿಲ್ಲ. ಇಪ್ಪತ್ತೆರಡು ಜೋಡಿ ಬೂಟುಗಳಿದ್ದವು, ಇಪ್ಪತ್ತೆರಡು ಎಂದು ಬರೆದೆ. ಒಳಗಿದ್ದದ್ದು ಇಪ್ಪತ್ತಮೂರು ಮಕ್ಕಳು.

ಎಂಟು ಮುಕ್ಕಾಲಿಗೆ ಶಾಲೆ ತಲುಪಿದೆವು. ನಾನು ಇಳಿದು ನಲ್ಲಿಯ ಹತ್ತಿರ ನಿಂತೆ. ಮಕ್ಕಳು ಬೂಟು ಹಿಡಿದು ಇಳಿದರು. ತಾಡಪತ್ರಿ ಖಾಲಿಯಾಯಿತು. ಸೀಟಿ ಊದಿದೆ. ಶಾಲೆಯ ಅಂಗಳದಲ್ಲಿ ಬಸ್ ನಿಲ್ಲಿಸಲು ಜಾಗವಿರಲಿಲ್ಲ. ಫಕ್ಕೀರಪ್ಪ ಅದನ್ನು ಅರ್ಧ ಕಿಲೋಮೀಟರ್ ದೂರದ ಪಾಳುಬಿದ್ದ ಗಿರಣಿಯ ಬಯಲಲ್ಲಿ ನಿಲ್ಲಿಸಿ, ಬೀಗ ಹಾಕಿ, ಬೆಳಗಿನ ಊಟಕ್ಕೆಂದು ಮನೆಗೆ ಹೋದ. ಒಂಬತ್ತರ ಸುಮಾರಿಗೆ ಮಳೆ ನಿಂತು ಸುಡುಸುಡು ಬಿಸಿಲು ಬಿತ್ತು. ಎಲ್‌ಕೆಜಿ ಟೀಚರ್ ಹಾಜರಿಯಲ್ಲಿ ಶಿವಲೀಲಾಳ ಹೆಸರಿನ ಮುಂದೆ ಗೈರು ಎಂದು ಬರೆದರು. ಅದನ್ನೇ ನೋಡಿ ನಾನೂ ಬಸ್ಸಿನ ರಜಿಸ್ಟರ್ ತುಂಬಿದೆ. ಮಳೆಯ ದಿನ ಅರ್ಧ ತರಗತಿಯೇ ಗೈರು. ಮಗು ಬರುವುದಿಲ್ಲವೆಂದು ಪಾಲಕರು ಫೋನ್ ಮಾಡುವ ರೂಢಿ ನಮ್ಮಲ್ಲಿರಲಿಲ್ಲ, ಯಾಕೆ ಬಂದಿಲ್ಲವೆಂದು ನಾವು ಕೇಳುವ ರೂಢಿಯೂ ಇರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ನಾನು ಮೈದಾನದ ಅಂಚಿನಲ್ಲಿ ಕೊಕ್ಕೊ ಹುಡುಗಿಯರನ್ನು ಬೈಯುತ್ತ ನಿಂತಿದ್ದೆ. ನೀಲವ್ವ ಗೇಟಿನಿಂದ ಬಂದಳು, ಕೈಯಲ್ಲಿ ಸಣ್ಣ ಸ್ಟೀಲ್ ಡಬ್ಬಿ.

“ಕೂಸು ಬುತ್ತಿ ಬಿಟ್ಟ ಬಂದೈತ್ರಿ ಟೀಚರ. ಲೈನ್ ಬಸ್ಸಿಗೆ ತಗೊಂಡ ಬಂದ್ನಿ.”

“ಇವತ್ತ ಶಿವಲೀಲಾ ಬಂದಿಲ್ಲಲ್ರಿ,” ಎಂದೆ. ನಿಜವಾಗಿಯೂ ಹಾಗೆಯೇ ಅಂದೆ. ನನ್ನ ತಲೆಯಲ್ಲಿ ಇದ್ದದ್ದು ಇಪ್ಪತ್ತೆರಡು ಮಾತ್ರ.

ನೀಲವ್ವ ನನ್ನ ಮುಖ ನೋಡಿದಳು. “ನಿಮ್ಮ ಕೈಯಾಗಽ ಕೊಟ್ಟೇನಲ್ರಿ!”

ಆ ಮಾತು ಅವಳ ಬಾಯಿಂದ ಬಿದ್ದ ಕೂಡಲೇ ನನಗೆ ಎಲ್ಲವೂ ನೆನಪಾಯಿತು, ಕೂಸಿನ ತೂಕ, ಅದರ ತಲೆಯ ಕೊಬ್ಬರಿ ಎಣ್ಣೆಯ ವಾಸನೆ, ಸೀಟಿಗೆ ಚಾಚಿದ ಕೈ. ಎರಡು ತಾಸಿನ ಮೇಲಾಗಿತ್ತು. ಓಡಿದೆ. ಐವತ್ತನೆಯ ವಯಸ್ಸಿನಲ್ಲಿ, ಸೀರೆಯುಟ್ಟು, ಆ ರಾಡಿಯಲ್ಲಿ ಹೇಗೆ ಓಡಿದೆನೋ ಶಿವನಿಗೇ ಗೊತ್ತು. ಓಡುತ್ತಲೇ ಫಕ್ಕೀರಪ್ಪನಿಗೆ ಫೋನ್ ಹಚ್ಚಿದೆ, ಅವನು ಎತ್ತಲಿಲ್ಲ. ಹಿಂದಿನಿಂದ ನೀಲವ್ವ ಕೂಸಿನ ಹೆಸರು ಕೂಗುತ್ತ ಬರುತ್ತಿದ್ದಳು.

ಬಸ್ಸಿನ ಬಾಗಿಲಿಗೆ ಬೀಗ. ಹಿಂಬದಿಯ ತುರ್ತು ದ್ವಾರಕ್ಕೆ ಹೋದೆ. ಇಂಥ ಹೊತ್ತಿಗೆಂದೇ ಇರುವ ಬಾಗಿಲು ಅದು, ಒಳಗಿನಿಂದಲೂ ಹೊರಗಿನಿಂದಲೂ ಬೀಗವಿಲ್ಲದೆ ತೆರೆಯಬೇಕು. ಹಿಡಿಕೆ ಎಳೆದರೆ ಅಲುಗಲಿಲ್ಲ. ದಾರಿಯಲ್ಲಿ ಗಡಗಡ ಸಪ್ಪಳ ಮಾಡುತ್ತದೆಂದು ಫಕ್ಕೀರಪ್ಪ ಅದನ್ನು ಒಳಗಿನಿಂದ ತಂತಿ ಕಟ್ಟಿ ಬಿಗಿದಿದ್ದ. ಪ್ರತಿ ತಿಂಗಳು ಬಸ್ಸಿನ ತಪಾಸಣೆಯ ಹಾಳೆಗೆ ಸಹಿ ಹಾಕುತ್ತಿದ್ದವಳು ನಾನು. ‘ತುರ್ತು ದ್ವಾರ’ ಎಂಬುದರ ಮುಂದೆ ನಾಲ್ಕು ತಿಂಗಳು ‘ಸರಿ ಇದೆ’ ಎಂದು ಬರೆದಿದ್ದೆ. ಒಮ್ಮೆಯಾದರೂ ಆ ಹಿಡಿಕೆಯನ್ನು ಮುಟ್ಟಿ ನೋಡಿರಲಿಲ್ಲ.

ಕಲ್ಲೆತ್ತಿ ಕಿಟಕಿಯ ಗಾಜು ಒಡೆದು, ಹೇಗೋ ಏರಿ ಒಳಗೆ ನುಗ್ಗಿದೆ. ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಹಿಂದಿನ ಸೀಟುಗಳಲ್ಲಿ ಯಾರೂ ಇರಲಿಲ್ಲ. ಪಾಟಿಚೀಲ ಮಾತ್ರ ಬಿದ್ದಿತ್ತು. ಅಲ್ಲಿ ನಿದ್ದೆ ಹೋಗಿದ್ದ ಕೂಸು ಎಚ್ಚರವಾದ ಮೇಲೆ ಬಾಗಿಲವರೆಗೂ ನಡೆದು ಬಂದಿದೆ. ಬಡಿದಿದೆ, ಅತ್ತಿದೆ. ಆಮೇಲೆ ಅಲ್ಲೇ, ಬೂಟು ಇಡುವ ತಾಡಪತ್ರಿಯ ಮೇಲೆ, ರಾಡಿಯಲ್ಲೇ ಮಲಗಿಬಿಟ್ಟಿದೆ. ಮೈಯೆಲ್ಲ ಬೆವರು, ಮುಖ ಕೆಂಪು, ಕರೆದರೆ ಓ ಎನ್ನಲಿಲ್ಲ. ಉಸಿರಿತ್ತು. ಕಿಟಕಿಯಿಂದ ನೀಲವ್ವನ ಕೈಗೆ ದಾಟಿಸಿದೆ. ಬೆಳಿಗ್ಗೆ ಅವಳು ನನಗೆ ಕೊಟ್ಟಿದ್ದಳು, ನಾನು ಅವಳಿಗೆ ಹೀಗೆ ತಿರುಗಿ ಕೊಟ್ಟೆ.

ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಬೈಕಿನಲ್ಲಿ ನಮ್ಮನ್ನು ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸಿದರು. ಡಾಕ್ಟರು ಸಲೈನ್ ಹಚ್ಚಿದರು. ಇನ್ನೊಂದು ತಾಸು ತಡವಾಗಿದ್ದರೆ ಕೂಸು ಉಳಿಯುತ್ತಿತ್ತೋ ಇಲ್ಲವೋ ಎಂದರು. ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಕಣ್ಣು ಬಿಟ್ಟು ಎಲ್ಲರನ್ನೂ ನೋಡಿದಳು. ನನ್ನ ಕೊರಳಲ್ಲಿದ್ದ ಸೀಟಿಯ ಮೇಲೆ ಅವಳ ಕಣ್ಣು ನಿಂತಿತು.

“ಟೀಚರ, ನನ್ನ ಬಿಟ್ಟ ಪೀಪಿ ಊದಿದ್ರಿ?”

ನಾನು ಹೊರಗೆ ಹೋಗಿ ಕಾರಿಡಾರಿನ ಗೋಡೆಗೆ ಮುಖ ಮಾಡಿ ನಿಂತುಕೊಂಡೆ.

ಆಡಳಿತ ಮಂಡಳಿ ಎಲ್ಲವನ್ನೂ ಫಕ್ಕೀರಪ್ಪನ ಮೇಲೆ ಹಾಕಿ ಅವನನ್ನು ಮನೆಗೆ ಕಳಿಸುವ ತಯಾರಿಯಲ್ಲಿತ್ತು. ತಂತಿ ಕಟ್ಟಿದ್ದು, ಹಿಂದೆ ನೋಡದೆ ಬೀಗ ಹಾಕಿದ್ದು ಅವನ ತಪ್ಪು, ಹೌದು. ಆದರೆ ಎಣಿಸಬೇಕಾದವಳು, ಸಹಿ ಹಾಕಿದವಳು, ಸೀಟಿ ಊದಿದವಳು ನಾನು ಎಂದು ವರದಿಯಲ್ಲಿ ನನ್ನ ಕೈಯಾರೆ ಬರೆದುಕೊಟ್ಟೆ. ಇಬ್ಬರಿಗೂ ಮೆಮೊ ಬಂತು, ಇಬ್ಬರ ಕೆಲಸವೂ ಉಳಿಯಿತು. ಫಕ್ಕೀರಪ್ಪ ತಾನೇ ಆ ತಂತಿ ಕತ್ತರಿಸಿ, ತಾಡಪತ್ರಿ ಸುತ್ತಿ ಒಯ್ದು ಎಲ್ಲಿಯೋ ಬಿಸಾಕಿ ಬಂದ. ಬಸ್ಸು ರಾಡಿಯಾದರೆ ಆಗಲಿ ಎಂದ.

ಮರುವಾರ ಪಾಲಕರ ಸಭೆ ಕರೆದೆವು. ಆದದ್ದನ್ನು ಮುಚ್ಚಿಡದೆ ಹೇಳಿದೆ. ಇನ್ನು ಮುಂದೆ ಹತ್ತುವಾಗಲೂ ಇಳಿಯುವಾಗಲೂ ಹೆಸರು ಕರೆದು ಎಣಿಸುತ್ತೇವೆ. ಎಲ್ಲರೂ ಇಳಿದ ಮೇಲೆ ಡ್ರೈವರ್ ಒಮ್ಮೆ, ನಾನೊಮ್ಮೆ ಕೊನೆಯ ಸೀಟಿನ ತನಕ ನಡೆದು, ಸೀಟಿನ ಕೆಳಗೂ ಬಗ್ಗಿ ನೋಡುತ್ತೇವೆ. ಗೈರಾದ ಮಗುವಿನ ಮನೆಗೆ ಒಂಬತ್ತೂವರೆಯೊಳಗೆ ಫೋನ್ ಮಾಡುತ್ತೇವೆ. ನೀವೂ ಮಗುವನ್ನು ಕಳಿಸದ ದಿನ ಒಂದು ಮಾತು ತಿಳಿಸಬೇಕು, ದೊಡ್ಡ ಮಕ್ಕಳು ಬಾಜೂ ಸೀಟಿನ ಸಣ್ಣವರನ್ನು ಎಬ್ಬಿಸಿಕೊಂಡೇ ಇಳಿಯಬೇಕು ಎಂದೆ. ನೀವು ಮಾಡಿದ ತಪ್ಪಿಗೆ ನಮಗೆ ಪಾಠ ಯಾಕೆ ಎಂದು ಒಬ್ಬರು ಎದ್ದು ಕೇಳಿದರು. ಅವರು ಕೇಳಿದ್ದು ಸರಿಯೇ ಇತ್ತು. ತಲೆ ತಗ್ಗಿಸಿ ಕೇಳಿಸಿಕೊಂಡೆ, ಆದರೆ ನಿಯಮವನ್ನು ಬಿಡಲಿಲ್ಲ. ಆ ಸಭೆಗೆ ನೀಲವ್ವನ ಮನೆಯವರು ಬರಲಿಲ್ಲ. ಎರಡು ದಿನದ ನಂತರ ಶಿವಲೀಲಾಳ ತಂದೆ ಬಂದು ಟಿ.ಸಿ. ತೆಗೆದುಕೊಂಡು ಹೋದರು.

ಅವಳ ಪಾಟಿಚೀಲವನ್ನು ಅಂದೇ ಕಳಿಸಿಕೊಟ್ಟಿದ್ದೆವು. ಆದರೆ ಒಡೆದ ಗಾಜಿನ ಚೂರು ತೆಗೆಯುವಾಗ ಸೀಟಿನ ಕೆಳಗೆ ಫಕ್ಕೀರಪ್ಪನಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದರಲ್ಲಿ ಕರಿ ಬೂಟುಗಳಿದ್ದವು, ಒಂದು ಚೂರೂ ರಾಡಿಯಿಲ್ಲದವು. ಕೂಸು ಎಚ್ಚರವಾದಾಗ ತಾನೇ ತೆಗೆದು ಹಾಕಿಕೊಳ್ಳಲು ನೋಡಿರಬೇಕು. ಅವನ್ನು ನನ್ನ ಕಪಾಟಿನಲ್ಲಿ ಇಟ್ಟುಕೊಂಡೆ. ನಾಳೆ ಕೊಟ್ಟು ಬರುತ್ತೇನೆ, ನಾಡಿದ್ದು ಕೊಟ್ಟು ಬರುತ್ತೇನೆ ಎಂದುಕೊಳ್ಳುತ್ತಲೇ ಎಂಟು ತಿಂಗಳು ಕಳೆದೆ. ಮುಖ ತೋರಿಸುವ ಧೈರ್ಯ ಸಾಲಲಿಲ್ಲ. ಮುಂದಿನ ಜೂನ್‌ನಲ್ಲಿ ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಹೋದೆ.

ನೀಲವ್ವ ಒಳಗೆ ಕರೆದು, ಚಾಪೆ ಹಾಸಿ, ಚಹಾ ಕೊಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಬೂಟುಗಳನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಮುಂದೆಯೇ ಇಟ್ಟಳು.

“ಅದರ ಕಾಲಿಗೆ ಇವು ಈಗ ಬರಂಗಿಲ್ರಿ ಟೀಚರ.” ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿದಳು. “ನಿಮ್ಮ ಮ್ಯಾಲ ಸಿಟ್ಟಿಲ್ರಿ. ಕೂಸಿಗೆ ಬಸ್ ಅಂದ್ರ ಅಂಜಿಕಿ ಬರತೈತಿ, ಅದಕ್ಕಽ ಊರ ಸಾಲಿಗೆ ಹಾಕೇವಿ.”

ಒಳಕೋಣೆಯ ಬಾಗಿಲ ಸಂದಿಯಲ್ಲಿ ಒಂದು ಜಡೆಯ ತುದಿ ಕಂಡಿತು. ಕರೆದೆ. ಅದು ಒಳಗೆ ಸರಿಯಿತು.

ಆಮೇಲೆ ವರ್ಷಗಟ್ಟಲೆ ಅದೇ ಬಸ್ಸಿನಲ್ಲಿ, ಅದೇ ಸ್ಟಾಪಿನ ಮೇಲೆ ಹಾದುಹೋದೆ. ಶಿವಲೀಲಾ ಊರ ಶಾಲೆಗೆ ಅಜ್ಜಿಯ ಕೈಹಿಡಿದು ನಡೆಯುವುದನ್ನು ಕಿಟಕಿಯಿಂದ ನೋಡಿದೆ. ಆಮೇಲೆ ಒಬ್ಬಳೇ ನಡೆಯುವುದನ್ನು, ಗೆಳತಿಯರ ಹೆಗಲ ಮೇಲೆ ಕೈಹಾಕಿ ನಡೆಯುವುದನ್ನು ನೋಡಿದೆ. ಕೈಯೆತ್ತುತ್ತಿದ್ದೆ. ಅವಳು ಬಸ್ಸಿನ ಕಡೆ ತಿರುಗುತ್ತಲೇ ಇರಲಿಲ್ಲ. ರಜೆ ಬಂದರೆ ನನಗೆ ಕಳವಳವಾಗುತ್ತಿತ್ತು. ಶಾಲೆ ಶುರುವಾದಾಗ ಅವಳು ಎಷ್ಟು ಎತ್ತರವಾಗಿದ್ದಾಳೆ ಎಂದು ಮೊದಲು ಅದನ್ನೇ ನೋಡುತ್ತಿದ್ದೆ. ನನ್ನ ತೊಡೆಯ ಮೇಲೆ ಆಮೇಲೆ ಎಷ್ಟೋ ಮಕ್ಕಳು ಕುಳಿತರು. ಸೀಟಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಕಳೆದ ವರ್ಷ ನಿವೃತ್ತಳಾದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮಕ್ಕಳನ್ನು ಎಣಿಸುವುದಾದರೆ ಮಕ್ಕಳನ್ನೇ ಎಣಿಸಬೇಕು, ಮುಖ ನೋಡಿ, ಹೆಸರು ಕರೆದು. ಅವರ ಬೂಟು, ಚೀಲ, ಛತ್ರಿ ಏನೇ ಇರಲಿ, ಅದನ್ನು ಎಣಿಸಿ ನೆಮ್ಮದಿಯಾಗಿ ಇರಬಾರದು. ಕೊನೆಯ ಸೀಟಿನ ತನಕ ನಡೆಯುವ ರೂಢಿಯಂತೂ ನನ್ನ ಮೈಗೇ ಹತ್ತಿಬಿಟ್ಟಿದೆ. ಸರ್ಕಾರಿ ಬಸ್ಸಿನಲ್ಲಿ ಹೋದರೂ ಎಲ್ಲರೂ ಇಳಿದ ಮೇಲೆ ಹಿಂದೆ ಹೋಗಿ ಬಗ್ಗಿ ನೋಡುತ್ತೇನೆ. ಕಂಡಕ್ಟರುಗಳು ನನಗೆ ಅರೆಹುಚ್ಚು ಎಂದುಕೊಂಡಿರಬೇಕು.

ಹೋದ ತಿಂಗಳು ತಂಗಿಯ ಊರಿನಿಂದ ಬೆಳಗಿನ ಬಸ್ಸಿಗೆ ಕುಂದಗೋಳಕ್ಕೆ ಬರುತ್ತಿದ್ದೆ. ಕುಬಿಹಾಳದಲ್ಲಿ ಹೈಸ್ಕೂಲಿನ ಮಕ್ಕಳು ತುಂಬಿಕೊಂಡರು. ಸ್ಟ್ಯಾಂಡಿನಲ್ಲಿ ಎಲ್ಲರೂ ದಡದಡ ಇಳಿದು ಹೋದರು. ನಾನು ಎಂದಿನಂತೆ ಹಿಂದೆ ನಡೆದು ಸೀಟಿನ ಕೆಳಗೆ ಬಗ್ಗಿದೆ.

“ಏನರ ಕಳಕೊಂಡೀರೇನ್ರಿ, ಆಯಿ?”

ಎರಡು ಜಡೆಯ ಹುಡುಗಿ, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಒಂಬತ್ತು ವರ್ಷ ಕಿಟಕಿಯಿಂದ ನೋಡಿದ ಮುಖ, ನನಗೆ ಗುರುತು ಹತ್ತದೇ ಇರುತ್ತದೆಯೇ? ಅವಳಿಗೆ ನನ್ನ ಗುರುತು ಹತ್ತಲಿಲ್ಲ.

“ಏನೂ ಇಲ್ಲವ್ವ. ಎಲ್ಲಾರೂ ಇಳದ್ರಿಲ್ಲೋ ನೋಡಾಕತ್ತಿದ್ನಿ.”

“ಎಲ್ಲಾರೂ ಇಳದಾರ್ರಿ. ನಾ ನೋಡೇನಿ,” ಎಂದಳು. “ನೀವು ಮೊದಲ ಇಳೀರಿ. ನಾ ದಿನಾ ಎಲ್ಲಾರಕಿಂತ ಲಾಸ್ಟ್ ಇಳೀತೇನಿ.”

“ಯಾಕವ್ವ?”

“ಹಂಗಽ ರೂಢಿ ಆಗೈತ್ರಿ. ಸಣ್ಣಾಕಿದ್ದಾಗಿಂದ ನಮ್ಮ ಅಜ್ಜಿ ಕಲಿಸ್ಯಾಳ.”

ನಾನು ಯಾರೆಂದು ಹೇಳಬೇಕೆಂದು ಬಾಯಿ ತೆರೆದೆ. ಮೈದಾನದ ತುದಿಗೆ ಕೇಳಿಸುತ್ತಿದ್ದ ಆ ಗಂಟಲಿನಿಂದ ಹೊರಟದ್ದು ‘ಆತವ್ವ’ ಎಂಬುದಷ್ಟೇ. ಮೆಟ್ಟಿಲು ಎತ್ತರವಿತ್ತು. ಅವಳು ನನ್ನ ಮೊಳಕೈ ಹಿಡಿದು, ಸಾವಕಾಶ್ರಿ ಎಂದು ಇಳಿಸಿದಳು. ಆಮೇಲೆ ಒಮ್ಮೆ ಹಿಂದಿನ ಸೀಟಿನ ತನಕ ಕಣ್ಣು ಹಾಯಿಸಿ, ತಾನೂ ಇಳಿದು ಶಾಲೆಗೆ ಹೋದಳು.